ಕೈಯಲ್ಲಿ ಬರೆದ ಅನಿಮೇಷನ್: ಮೊದಲಿಗೆ ಸರಿ ಇರುವ ಸದ್ದು ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತಿದೆ, ಯಾಕೆ?

ಪೆನ್ಸಿಲ್‌ತುದಿ:

ಎಲ್ಲರಿಗೂ ನಮಸ್ಕಾರ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಒಂದೊಂದೇ ಹಾಳೆಯನ್ನು ಮೇಲಿನಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಒಂದು ಪುಟ್ಟ ಅನಿಮೇಷನ್ ಮಾಡಿದ್ದೇನೆ. ಕಥೆ ಇಷ್ಟೇ: ಗಾಳಿಗೆ ಬಾಗಿಲು ಕಿರ್ರನೆ ತೆರೆಯುತ್ತದೆ, ಅದರ ಹಿಂದಿದ್ದ ಚೆಂಡು ಉರುಳಿಕೊಂಡು ಬಂದು ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿಯುತ್ತಾ ಇಳಿಯುತ್ತದೆ, ಕೆಳಗಿಟ್ಟ ತಗಡಿನ ಬಕೆಟ್ಟಿನ ಅಂಚಿಗೆ ಟಣ್ಣನೆ ಬಡಿದು ನೀರೊಳಗೆ ಬೀಳುತ್ತದೆ. ಒಟ್ಟು 456 ಚಿತ್ರ. ಸೆಕೆಂಡಿಗೆ 12ರಂತೆ 38 ಸೆಕೆಂಡ್.

ಬರೆಯುವಾಗಲೇ ಯಾವ ಚಿತ್ರಕ್ಕೆ ಯಾವ ಸದ್ದು ಅಂತ ಪಟ್ಟಿ ಇಟ್ಟಿದ್ದೆ. ಬಾಗಿಲು 25ನೇ ಚಿತ್ರದಿಂದ, ಚೆಂಡು ನೀರು ಮುಟ್ಟುವುದು 409ನೇ ಚಿತ್ರದಲ್ಲಿ, ಅಂದರೆ ಅದಕ್ಕೂ ಮೊದಲು 408 ಚಿತ್ರ, ಸರಿಯಾಗಿ 34 ಸೆಕೆಂಡ್. ಸದ್ದುಗಳನ್ನೆಲ್ಲ ನಾನೇ ರೆಕಾರ್ಡ್ ಮಾಡಿದ್ದು. ಪಟ್ಟಿ ನೋಡಿಕೊಂಡು ಆಡಾಸಿಟಿ ಅನ್ನುವ ಸದ್ದಿನ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 38 ಸೆಕೆಂಡಿನ ಒಂದೇ ಟ್ರ್ಯಾಕ್ ಮಾಡಿ, ಮೊಬೈಲಿನ ಎಡಿಟಿಂಗ್ ಆ್ಯಪ್‌ನಲ್ಲಿ ಚಿತ್ರಗಳ ಕೆಳಗೆ ಹಾಕಿದ್ದೇನೆ. ಆ್ಯಪ್‌ನಲ್ಲಿ ಪ್ರತಿ ಚಿತ್ರಕ್ಕೆ 0.08 ಸೆಕೆಂಡ್ ಕೊಟ್ಟಿದ್ದೇನೆ, ಅದಕ್ಕಿಂತ ಸೂಕ್ಷ್ಮವಾಗಿ ಕೊಡಲು ಅದರಲ್ಲಿ ಬರುವುದಿಲ್ಲ.

ಈಗ ಎರಡು ತೊಂದರೆ. ಬಾಗಿಲ ಸದ್ದು ಸರಿಯಾಗಿದೆ. ಮೆಟ್ಟಿಲ ಸದ್ದುಗಳು ಒಂದಕ್ಕಿಂತ ಒಂದು ಹಿಂದೆ ಬೀಳುತ್ತಾ ಹೋಗುತ್ತವೆ. ಚೆಂಡು ನೀರಿನಲ್ಲಿ ಮುಳುಗಿ ಒಂದೂಕಾಲು ಸೆಕೆಂಡೋ ಏನೋ ಆದ ಮೇಲೆ ಬುಳುಂಕ್ ಅನ್ನುತ್ತದೆ. ವಿಡಿಯೊದ ಉದ್ದ ನೋಡಿದರೆ 36 ಸೆಕೆಂಡ್ ಚಿಲ್ಲರೆ ತೋರಿಸುತ್ತದೆ. ಎರಡನೆಯದು, ನಾಲ್ಕನೇ ಮೆಟ್ಟಿಲಿನ ಪೆಟ್ಟು. ಅದೊಂದನ್ನು ಬೇರೆ ಮಾಡಿ ಕೈಯಿಂದಲೇ ಹಿಂದೆ ಮುಂದೆ ಸರಿಸಿ ನೋಡಿದೆ, ಎಲ್ಲಿಟ್ಟರೂ ಚೆಂಡಿಗೂ ಸದ್ದಿಗೂ ಸಂಬಂಧವೇ ಇಲ್ಲದ ಹಾಗೆ ಕೇಳಿಸುತ್ತದೆ. ದಯವಿಟ್ಟು ದಾರಿ ತೋರಿಸಿ. ಈ ಬುಳುಂಕ್ ಸರಿಯಾದ ಜಾಗಕ್ಕೆ ಬೀಳುವುದನ್ನು ಕೇಳಬೇಕು ಅಂತ ತುಂಬಾ ಆಸೆ.

ತಂತಿಕಿವಿ:

ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಬ್ಲೂಟೂತ್ ಹೆಡ್‌ಫೋನಲ್ಲಿ ಕೇಳ್ತಿದ್ರೆ ಅದನ್ನ ತೆಗೆದಿಟ್ಟು ತಂತಿ ಇರೋದನ್ನ ಹಾಕ್ಕೊಳ್ಳಿ. ಬ್ಲೂಟೂತಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡ ಆಗೋದು ಮಾಮೂಲಿ, ಕೆಲವು ಸೆಟ್‌ಗಳಲ್ಲಿ ಇನ್ನೂ ಜಾಸ್ತಿ. ಸಿನಿಮಾ ನೋಡುವಾಗ ಪ್ಲೇಯರ್ ಅದನ್ನ ಲೆಕ್ಕಕ್ಕೆ ತಗೊಂಡು ಚಿತ್ರವನ್ನೂ ತಡ ಮಾಡುತ್ತೆ, ಎಡಿಟಿಂಗ್ ಆ್ಯಪ್‌ಗಳೆಲ್ಲ ಹಾಗೆ ಮಾಡಲ್ಲ. ಇನ್ನೊಂದು, ಟ್ರ್ಯಾಕನ್ನ ಎಂಪಿ3 ಮಾಡ್ಬೇಡಿ, ವೇವ್ ಆಗಿಯೇ ಇಡಿ. ಎಂಪಿ3 ಮಾಡೋವಾಗ ಶುರುವಿನಲ್ಲಿ ಒಂದಿಷ್ಟು ಖಾಲಿ ಸೇರ್ಕೊಳ್ಳುತ್ತೆ. ಇವೆರಡೂ ಒಂದೇ ಸಮ ತಡ ಮಾಡ್ತವೆ ಅಷ್ಟೇ, ನಿಮ್ಮ ಹಾಗೆ ಬೆಳೀತಾ ಹೋಗಲ್ಲ. ಹಾಗಾಗಿ ನಿಮ್ಮದು ಬೇರೆ ಏನೋ ಇದೆ.

ಸದ್ದುಪೆಟ್ಟಿಗೆ:

ಪೆನ್ಸಿಲ್‌ತುದಿ ಅವರೇ, ಅಂಕಿಗಳ ಸಮೇತ ಕೇಳಿದ್ದು ಬಹಳ ಒಳ್ಳೆಯದಾಯಿತು, ಉತ್ತರ ಅದರೊಳಗೇ ಇದೆ. ಕೈಯಲ್ಲಿ ಬರೆದ ಚಿತ್ರಗಳಿಗೆ ಸದ್ದು ಕೂರಿಸುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಸದ್ದು ಕೂರುತ್ತಿಲ್ಲ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ತಂತಿಕಿವಿಯವರು ಹೇಳಿದ ಆ ಕೊನೆಯ ಮಾತನ್ನೇ: ತಡ ಉದ್ದಕ್ಕೂ ಒಂದೇ ಸಮ ಇದೆಯೋ, ಬೆಳೆಯುತ್ತಿದೆಯೋ? ಒಂದೇ ಸಮ ಇದ್ದರೆ ಇಡೀ ಟ್ರ್ಯಾಕನ್ನು ಅಷ್ಟು ಮುಂಚಿತಕ್ಕೆ ಎಳೆದರೆ ಮುಗಿಯಿತು. ಬೆಳೆಯುತ್ತಿದ್ದರೆ ಚಿತ್ರ ಒಂದು ವೇಗದಲ್ಲಿ, ಸದ್ದು ಇನ್ನೊಂದು ವೇಗದಲ್ಲಿ ಓಡುತ್ತಿದೆ ಎಂದರ್ಥ. ಆಗ ಎಳೆದಾಡಿ ಪ್ರಯೋಜನವಿಲ್ಲ, ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತದೆ.

ನಿಮ್ಮ ಲೆಕ್ಕ ನೋಡಿ. ಸೆಕೆಂಡಿಗೆ 12 ಚಿತ್ರ ಅಂದರೆ ಒಂದಕ್ಕೆ 0.0833 ಸೆಕೆಂಡ್. ಆ್ಯಪ್ ಕೊಡುತ್ತಿರುವುದು 0.08. ಒಂದು ಚಿತ್ರಕ್ಕೆ ಮೂರು ಮಿಲಿಸೆಕೆಂಡ್ ಚಿಲ್ಲರೆ, ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆದರೆ ಚೆಂಡು ನೀರು ಮುಟ್ಟುವ ಹೊತ್ತಿಗೆ 408 ಚಿತ್ರ ಕಳೆದಿರುತ್ತವೆ. 408ನ್ನು 0.08ರಿಂದ ಗುಣಿಸಿದರೆ 32.64. ಸದ್ದು ಕಾಯುತ್ತಿರುವುದು 34ರಲ್ಲಿ. ನಡುವೆ 1.36 ಸೆಕೆಂಡ್, ನಿಮ್ಮ ಕಿವಿಗೆ ಒಂದೂಕಾಲು ಅನ್ನಿಸಿದ್ದು ಇದೇ. 456ನ್ನು ಗುಣಿಸಿದರೆ 36.48, ವಿಡಿಯೊ ತೋರಿಸುವ ಆ 36 ಚಿಲ್ಲರೆ. ಬಾಗಿಲು 25ನೇ ಚಿತ್ರದಲ್ಲೇ ಶುರುವಾಗುವುದರಿಂದ ಅಲ್ಲಿ ತಡ ಬರೀ 0.08 ಸೆಕೆಂಡ್. ಮೇಲಾಗಿ ಕಿರ್ರ್ ಅನ್ನುವುದಕ್ಕೆ ಚೂಪಾದ ಮೊದಲೇ ಇಲ್ಲ, ಎಲ್ಲಿಂದ ಹಿಡಿದರೂ ಹೊಂದಿಕೊಳ್ಳುತ್ತದೆ.

ದಾರಿ ಮೂರಿವೆ. ನನ್ನ ಮನಸ್ಸಿಗೆ ಒಪ್ಪುವುದು ಮೊದಲನೆಯದು: ಫೋಟೊಗಳನ್ನು ಫ್ರೇಮ್ (ವಿಡಿಯೊದಲ್ಲಿ ಒಂದಾದ ಮೇಲೊಂದು ಬರುವ ನಿಂತ ಚಿತ್ರ) ಲೆಕ್ಕದಲ್ಲಿ ಕೆಲಸ ಮಾಡುವ ಸಾಫ್ಟ್‌ವೇರಿಗೆ ಹಾಕಿ. ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಜ್, ಪೆನ್ಸಿಲ್2ಡಿ ಎಲ್ಲವೂ ಉಚಿತ. ಪ್ರಾಜೆಕ್ಟನ್ನು 24 ಫ್ರೇಮಿಗೆ ಇಟ್ಟು ಪ್ರತಿ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ. ಎರಡು ಇಪ್ಪತ್ತನಾಲ್ಕನೇ ಒಂದು ಅಂದರೆ ಹನ್ನೆರಡನೇ ಒಂದು, ದಶಮಾಂಶದ ಗೋಜೇ ಇಲ್ಲ. 30 ಫ್ರೇಮಿನ ಪ್ರಾಜೆಕ್ಟ್ ಬೇಡ. ಅಲ್ಲಿ ಒಂದು ಚಿತ್ರಕ್ಕೆ ಎರಡೂವರೆ ಫ್ರೇಮ್ ಬರುತ್ತದೆ, ಸಾಫ್ಟ್‌ವೇರ್ ಒಂದಕ್ಕೆ ಎರಡು ಇನ್ನೊಂದಕ್ಕೆ ಮೂರು ಕೊಟ್ಟು ಹೇಗೋ ಸರಿದೂಗಿಸುತ್ತದೆ, ಚಲನೆಯಲ್ಲಿ ಒಂದು ಬಗೆಯ ತಡವರಿಕೆ ಕಾಣುತ್ತದೆ.

ಎರಡನೆಯದು, ಈಗ ಇರುವ ವಿಡಿಯೊದ ವೇಗವನ್ನು 96 ಪ್ರತಿಶತಕ್ಕೆ ಇಳಿಸುವುದು. 36.48 ಭಾಗಿಸು 0.96, ಸರಿಯಾಗಿ 38. ಕೆಲಸ ಆಗುತ್ತದೆ, ಆದರೆ ಕೆಲವು ಆ್ಯಪ್‌ಗಳು ನಿಧಾನ ಮಾಡುವಾಗ ಅಕ್ಕಪಕ್ಕದ ಚಿತ್ರಗಳನ್ನು ಬೆರೆಸಿ ಪೆನ್ಸಿಲ್ ಗೆರೆಯನ್ನು ಮಸುಕು ಮಾಡುತ್ತವೆ. ಅಷ್ಟು ಕಷ್ಟಪಟ್ಟು ಬರೆದ ಗೆರೆ ಹಾಗಾಗಬಾರದು. ಮೂರನೆಯದು, ಚಿತ್ರವನ್ನು ಮುಟ್ಟದೆ ಪಟ್ಟಿಯಲ್ಲಿರುವ ಪ್ರತಿ ಸಮಯವನ್ನೂ 0.96ರಿಂದ ಗುಣಿಸಿ ಸದ್ದುಗಳನ್ನು ಹೊಸದಾಗಿ ಇಡುವುದು. ಸದ್ದಿನ ಟ್ರ್ಯಾಕನ್ನೇ ಕುಗ್ಗಿಸಿ 36.48ಕ್ಕೆ ತರಲು ಮಾತ್ರ ಹೋಗಬೇಡಿ, ತಗಡಿನ ನಾದ ಬದಲಾಗಿಬಿಡುತ್ತದೆ.

ಈ 0.96 ಹೊಸದೇನಲ್ಲ. ಪಾಲ್ ಅನ್ನುವ ಹಳೆಯ ಪ್ರಸಾರ ಪದ್ಧತಿಯ ಟಿವಿ ಸೆಕೆಂಡಿಗೆ 25 ಫ್ರೇಮ್ ಓಡುತ್ತಿತ್ತು, ಸಿನಿಮಾ 24. 24 ಭಾಗಿಸು 25, ಅದೇ 0.96. ಹಾಗಾಗಿ ಟಿವಿಯಲ್ಲಿ ಸಿನಿಮಾಗಳನ್ನು 4 ಪ್ರತಿಶತ ಬೇಗ ಓಡಿಸುತ್ತಿದ್ದರು, ಸದ್ದನ್ನೂ ಅದರ ಜೊತೆಗೇ. ಹಾಡುಗಳ ಶ್ರುತಿ ಅರ್ಧಸ್ವರದ ಮುಕ್ಕಾಲು ಪಾಲಿನ ಹತ್ತಿರ ಏರುತ್ತಿತ್ತು. ಅಲ್ಲಿ ಎರಡೂ ಒಟ್ಟಿಗೆ ಓಡಿದವು, ನಿಮ್ಮಲ್ಲಿ ಚಿತ್ರ ಮಾತ್ರ ಓಡಿದೆ.

ಸರಿಪಡಿಸಿದ ಮೇಲೆ ಪರೀಕ್ಷೆ ಮಾಡುವುದು ಹೀಗೆ. ಮೊಟ್ಟಮೊದಲ ಚಿತ್ರದ ಜಾಗದಲ್ಲಿ ಕಪ್ಪು ಚುಕ್ಕಿಯ ಒಂದು ಹಾಳೆ, ಕೊನೆಯ ಚಿತ್ರದ ಜಾಗದಲ್ಲಿ ಅಂಥದ್ದೇ ಇನ್ನೊಂದು. ಎರಡಕ್ಕೂ ಒಂದೊಂದು ಫ್ರೇಮ್ ಉದ್ದದ ಬೀಪ್. ಸಿನಿಮಾದವರು ಚಿತ್ರ ಶುರುವಾಗುವುದಕ್ಕೆ ಸರಿಯಾಗಿ ಎರಡು ಸೆಕೆಂಡ್ ಮೊದಲು ಒಂದು ಫ್ರೇಮಿನ ಬೀಪ್ ಇಡುವುದೂ ಇದೇ ಕೆಲಸಕ್ಕೆ. ಮೊದಲ ಬೀಪ್ ಕೂತು ಕೊನೆಯದು ಕೂರದಿದ್ದರೆ ವೇಗ ಇನ್ನೂ ಹೊಂದಿಲ್ಲ. ಎರಡೂ ಕೂತರೆ ಚುಕ್ಕಿಯ ಹಾಳೆ ತೆಗೆದು ನಿಮ್ಮ ಚಿತ್ರಗಳನ್ನು ವಾಪಸ್ ಹಾಕಿ. ಬ್ಲೆಂಡರಿನಲ್ಲಿ ನೋಡುವಾಗ ಪ್ಲೇಬ್ಯಾಕ್ ಮೆನುವಿನಲ್ಲಿ 'ಸಿಂಕ್ ಟು ಆಡಿಯೊ' ಆರಿಸಿ. 'ಪ್ಲೇ ಎವ್ರಿ ಫ್ರೇಮ್' ಇದ್ದರೆ ಕಂಪ್ಯೂಟರ್ ಏದುಸಿರು ಬಿಟ್ಟಾಗ ಚಿತ್ರ ನಿಧಾನವಾಗಿ, ಸದ್ದು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಅದನ್ನು ನೋಡಿಕೊಂಡು ಏನನ್ನೂ ಸರಿಸಬಾರದು.

ಇನ್ನು ನಾಲ್ಕನೇ ಮೆಟ್ಟಿಲು. ನನ್ನ ಅನುಮಾನ ಸದ್ದಿನ ಮೇಲಲ್ಲ. ಅಲ್ಲಿನ ಐದಾರು ಚಿತ್ರಗಳನ್ನು ಒಂದೊಂದಾಗಿ ನೋಡಿ, ಚೆಂಡು ಮೆಟ್ಟಿಲನ್ನು ನಿಜವಾಗಿ ತಾಕಿರುವ ಚಿತ್ರ ಇದೆಯೇ? ಸೆಕೆಂಡಿಗೆ 12 ಅಂದಾಗ ಎರಡು ಚಿತ್ರಗಳ ನಡುವೆ 83 ಮಿಲಿಸೆಕೆಂಡ್ ಇರುತ್ತದೆ, ಬೀಳುವ ಚೆಂಡು ಆ ಸಂದಿಯಲ್ಲೇ ನೆಲ ಮುಟ್ಟಿ ಎದ್ದುಬಿಡಬಹುದು. ತಾಕಿದ್ದು ಕಣ್ಣಿಗೆ ಕಾಣದಿದ್ದರೆ ಕಿವಿ ಎಷ್ಟು ಹೇಳಿದರೂ ಮನಸ್ಸು ನಂಬುವುದಿಲ್ಲ. ತಾಕಿದ ಚಿತ್ರದಲ್ಲಿ ಚೆಂಡನ್ನು ತುಸು ಚಪ್ಪಟೆ ಮಾಡಿದರೆ ಅರ್ಧ ಸದ್ದು ಅಲ್ಲೇ ಕೇಳಿಸಿದಂತೆ.

ಇದರ ಜೊತೆಗೆ ಒಂದು ಮಾತು. ಫೈಲಿನ ಮೊದಲನ್ನು ಚಿತ್ರಕ್ಕೆ ಕೂರಿಸಬೇಡಿ, ಪೆಟ್ಟನ್ನು ಕೂರಿಸಿ. ಆಡಾಸಿಟಿಯಲ್ಲಿ ಒಂದು ಪೆಟ್ಟನ್ನು ಚೆನ್ನಾಗಿ ದೊಡ್ಡದು ಮಾಡಿ ನೋಡಿದರೆ ಮೊದಲು ನೇರ ಗೆರೆ, ಆಮೇಲೆ ಕೈ ಸರಿದಾಡಿದ ಸಣ್ಣ ನಡುಕ, ಆಮೇಲೆ ಥಟ್ಟನೆ ಎದ್ದ ಗೋಡೆ. ಆ ಗೋಡೆಯ ಬುಡದವರೆಗೆ ಕತ್ತರಿಸಿಬಿಡಿ. ಸಮಯ ತೋರಿಸುವ ಪಟ್ಟಿಯಲ್ಲಿ 24ರ ಫಿಲ್ಮ್ ಫ್ರೇಮ್ ಆರಿಸಿದರೆ ಸೆಕೆಂಡಿನ ಬದಲು ಫ್ರೇಮ್ ಎಣಿಸಿಕೊಂಡೇ ಇಡಬಹುದು.

ನೀರಿನಲ್ಲಿ ಒಂದು ಮೋಸ ಇದೆ, ಅದು ನನಗೆ ಬಹಳ ಪ್ರೀತಿಯ ಜಾಗ. ನೀರಿಗೆ ವಸ್ತು ಬಿದ್ದಾಗ ಎರಡು ಸದ್ದು. ಮೊದಲು ಮೇಲ್ಮೈಗೆ ಬಡಿದ ಸಣ್ಣ ಚಪ್, ಅದರ ಬೆನ್ನಿಗೆ ಬುಳುಂಕ್. ಎರಡನೆಯದು ನೀರೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ಕಂಪಿಸುವ ಸದ್ದು, ಗುಳ್ಳೆ ಕಟ್ಟಿಕೊಳ್ಳುವವರೆಗೆ ಅದು ಹುಟ್ಟುವುದೇ ಇಲ್ಲ. ಅಲೆಯಲ್ಲಿ ದೊಡ್ಡದಾಗಿ ಕಾಣುವುದು ಬುಳುಂಕ್ ಆಗಿರುವುದರಿಂದ ಎಲ್ಲರೂ ಅದನ್ನೇ ಹಿಡಿದು ಚೆಂಡು ತಾಕಿದ ಚಿತ್ರಕ್ಕೆ ಕೂರಿಸುತ್ತಾರೆ. 409ಕ್ಕೆ ಕೂರಬೇಕಾದ್ದು ಚಪ್. ಅದನ್ನು ಕೂರಿಸಿದರೆ ಬುಳುಂಕ್ ತಾನಾಗಿ ಬಂದು, ನೀರು ಮೇಲೆ ಚಿಮ್ಮಿದ ಚಿತ್ರಗಳ ಜೊತೆ ಸೇರಿಕೊಳ್ಳುತ್ತದೆ.

ತಗಡಿನ ಟಣ್ ಬರೀ ಗುಂಯ್ ಅಂತ ಮೆತ್ತಗಿದ್ದರೆ ಅದರ ತಲೆಯ ಮೇಲೆ ಚಮಚದಿಂದ ತಗಡಿಗೆ ಕುಟ್ಟಿದ ಒಂದು ಚೂಪಾದ ಟಿಕ್ ಸೇರಿಸಿ, ತೀರಾ ಸಣ್ಣ ದನಿಯಲ್ಲಿ. ಎಲ್ಲಿ ಬಡಿಯಿತು ಅಂತ ಕಿವಿ ಗುರುತು ಹಿಡಿಯುವುದು ಆ ಟಿಕ್‌ನಿಂದ, ಎಷ್ಟು ಭಾರ ಅನ್ನುವುದು ಗುಂಯ್‌ನಿಂದ.

ಅನುಮಾನ ಬಂದ ಕಡೆ ಸದ್ದು ಒಂದು ಫ್ರೇಮ್ ತಡವಾಗಿರಲಿ, ಮುಂಚೆ ಬೇಡ. ಇದು ಬರೀ ನನ್ನ ಅಭಿರುಚಿ ಅಲ್ಲ. ಟಿವಿ ಪ್ರಸಾರಕ್ಕಾಗಿ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) 1998ರಲ್ಲಿ ಕೊಟ್ಟ ಬಿಟಿ.1359 ಶಿಫಾರಸಿನ ಪ್ರಕಾರ ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೇ ಜನರಿಗೆ ಗೊತ್ತಾಗುತ್ತದೆ, ತಡವಾದರೆ 125ರವರೆಗೆ ಗೊತ್ತಾಗುವುದಿಲ್ಲ. ಲೋಕದಲ್ಲಿ ಸದ್ದು ಯಾವಾಗಲೂ ನೋಟದ ಹಿಂದೆಯೇ ಬರುತ್ತದಲ್ಲ! ಸೆಕೆಂಡಿಗೆ 340 ಮೀಟರ್ ಚಿಲ್ಲರೆ ವೇಗದಲ್ಲಿ 28 ಮೀಟರ್ ಆಚೆ ಬಿದ್ದ ಕೊಡಲಿಯ ಸದ್ದು ನಿಮ್ಮ ಒಂದು ಚಿತ್ರದಷ್ಟು ತಡವಾಗಿ ಕಿವಿಗೆ ಬೀಳುತ್ತದೆ, ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಬೀಳುವ ಮೊದಲೇ ಕೇಳಿಸಿದ ಕೊಡಲಿಯನ್ನು ಯಾರೂ ಕಂಡಿಲ್ಲ.

ಲಯಗಾರ:

ಸದ್ದುಪೆಟ್ಟಿಗೆಯವರು ಹೇಳಿದ್ದೆಲ್ಲ ಸರಿ. ಆದರೆ ಮುಂದಿನ ಸಲ ಕ್ರಮವನ್ನೇ ತಿರುಗಿಸಿ ಅಂತ ನನ್ನ ಸಲಹೆ. ಮೊದಲು ಸದ್ದು, ಆಮೇಲೆ ಚಿತ್ರ. ವಾಲ್ಟ್ ಡಿಸ್ನಿಯ ತಂಡ 1928ರ 'ಸ್ಟೀಮ್‌ಬೋಟ್ ವಿಲ್ಲಿ'ಗೆ ಮೆಟ್ರೊನೋಮ್ (ಸಮನಾಗಿ ಟಿಕ್ ಟಿಕ್ ಅಂತ ಲಯ ತೋರಿಸುವ ಯಂತ್ರ) ಇಟ್ಟುಕೊಂಡು ಒಂದು ಪೆಟ್ಟಿಗೆ ಎಷ್ಟು ಫ್ರೇಮ್ ಅಂತ ಮೊದಲೇ ಗೊತ್ತುಮಾಡಿ ಚಿತ್ರ ಬರೆಯಿತು. ಧ್ವನಿಮುದ್ರಣದಲ್ಲಿ ವಾದ್ಯವೃಂದ ತಪ್ಪದಿರಲಿ ಅಂತ ಫಿಲ್ಮಿನ ಮೇಲೇ ಪುಟಿಯುವ ಗುರುತು ಹಾಕಿದ್ದರು.

ಸೆಕೆಂಡಿಗೆ 12 ಅಂದರೆ ನಿಮಿಷಕ್ಕೆ 720 ಚಿತ್ರ. ನಿಮಿಷಕ್ಕೆ 120 ಪೆಟ್ಟಿನ ಲಯ ಹಿಡಿದರೆ ಪೆಟ್ಟಿಗೆ 6 ಚಿತ್ರ, 90 ಆದರೆ 8, 144 ಆದರೆ 5. ನೂರರ ಲಯ ಮಾತ್ರ ಹಿಡಿಯಬೇಡಿ, 7.2 ಬರುತ್ತದೆ, ಎಲ್ಲೂ ಕೂರುವುದಿಲ್ಲ. ಮೆಟ್ಟಿಲಿಳಿಯುವ ಚೆಂಡಿಗೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಮೆಟ್ಟಿಲುಗಳ ಎತ್ತರ ಒಂದೇ ಆದ್ದರಿಂದ ಪೆಟ್ಟುಗಳೂ ಹೆಚ್ಚುಕಮ್ಮಿ ಸಮನಾಗಿ ಬೀಳುತ್ತವೆ. ಸಮನೆಲದಲ್ಲಿ ಪುಟಿಯುವ ಚೆಂಡಾದರೆ ಬೇರೆ, ಅಲ್ಲಿ ಪ್ರತಿ ಪುಟಿತಕ್ಕೂ ಎತ್ತರ ಕಡಿಮೆಯಾಗಿ ಪೆಟ್ಟುಗಳು ಹತ್ತಿರ ಹತ್ತಿರ ಆಗುತ್ತವೆ: 20 ಫ್ರೇಮ್, 16, 13, 10, 8 ಹೀಗೆ. ದನಿಯೂ ಅದರ ಜೊತೆ ಇಳಿಯಬೇಕು.

ಪೆನ್ಸಿಲ್‌ತುದಿ:

ಎಲ್ಲರಿಗೂ ತುಂಬಾ ಧನ್ಯವಾದ. ಬ್ಲೆಂಡರಿನಲ್ಲಿ 24ರ ಪ್ರಾಜೆಕ್ಟ್ ಮಾಡಿ ಚಿತ್ರಕ್ಕೆ ಎರಡು ಫ್ರೇಮಿನಂತೆ ಹಾಕಿದೆ. ಉದ್ದ ಸರಿಯಾಗಿ 38 ಸೆಕೆಂಡ್ ಬಂತು, ಮೊದಲ ಬೀಪ್ ಕೊನೆಯ ಬೀಪ್ ಎರಡೂ ಚುಕ್ಕಿಯ ಮೇಲೇ ಕೂತವು. ನೀರಿನ ಚಪ್ ಹುಡುಕಿದೆ, ನಿಜಕ್ಕೂ ಇದೆ! ಬುಳುಂಕಿಗಿಂತ ಎಷ್ಟೋ ಸಣ್ಣದಾಗಿ, ನಾನು ಗದ್ದಲ ಅಂದುಕೊಂಡು ಕತ್ತರಿಸಲು ಹೊರಟಿದ್ದ ಜಾಗದಲ್ಲೇ ಇತ್ತು. ಅದನ್ನು 409ಕ್ಕೆ ಕೂರಿಸಿ ನೋಡಿದಾಗ ಆದ ಖುಷಿ ಹೇಳತೀರದು, ಚೆಂಡಿಗೆ ಇದ್ದಕ್ಕಿದ್ದಂತೆ ತೂಕ ಬಂದುಬಿಟ್ಟಿತು.

ನಾಲ್ಕನೇ ಮೆಟ್ಟಿಲಿನಲ್ಲಿ ನೀವು ಊಹಿಸಿದ ಹಾಗೇ ಇದೆ. 187ರಲ್ಲಿ ಚೆಂಡು ಮೆಟ್ಟಿಲಿನಿಂದ ಒಂದು ಬೆರಳು ಮೇಲಿದೆ, 188ರಲ್ಲಿ ಆಗಲೇ ಎದ್ದು ಹೊರಟಿದೆ. ತಾಕಿದ ಚಿತ್ರ ಇಲ್ಲ. ಒಂದು ಹೊಸದಾಗಿ ಬರೆದು ನಡುವೆ ಸೇರಿಸಿದರೆ ಅದರ ಮುಂದಿನದೆಲ್ಲ ಒಂದು ಚಿತ್ರದಷ್ಟು ಹಿಂದೆ ಹೋಗುತ್ತದಲ್ಲ, ಮತ್ತೆ ಎಲ್ಲ ಸದ್ದನ್ನೂ ಸರಿಸಬೇಕೇ? ಲಯಗಾರರೇ, ಮುಂದಿನದಕ್ಕೆ 144ರ ಲಯ ಇಟ್ಟುಕೊಂಡು ಬರೆಯಲು ಮನಸ್ಸಾಗಿದೆ.

ಸದ್ದುಪೆಟ್ಟಿಗೆ:

ಸರಿಸಬೇಕಾಗಿಲ್ಲ. ಸುಲಭದ್ದು ಮೊದಲು: 187ನ್ನೇ ತೆಗೆದು ಅದೇ ಜಾಗದಲ್ಲಿ ತಾಕಿದ, ತುಸು ಚಪ್ಪಟೆಯಾದ ಚೆಂಡನ್ನು ಬರೆದು ಹಾಕಿ, ಪೆಟ್ಟನ್ನು 187ರ ಮೊದಲ ಫ್ರೇಮಿಗೆ ಇಡಿ. 186ರಿಂದ 187ಕ್ಕೆ ಚೆಂಡು ದೊಡ್ಡ ಹೆಜ್ಜೆ ಹಾಕಿದಂತಾಗುತ್ತದೆ, ಅದು ಒಳ್ಳೆಯದೇ. ಬೀಳುವ ವಸ್ತು ನೆಲದ ಹತ್ತಿರವೇ ಅತಿ ವೇಗದಲ್ಲಿರುವುದು. 186ರಲ್ಲಿ ಚೆಂಡನ್ನು ಬೀಳುವ ದಿಕ್ಕಿಗೆ ಚೂರು ಉದ್ದ ಮಾಡಿದರೆ ಇನ್ನೂ ಚೆನ್ನ.

187 ನಿಮಗೆ ಇಷ್ಟದ ಚಿತ್ರ, ಬಿಡಲು ಮನಸ್ಸಿಲ್ಲ ಅಂದರೆ ಹೊಸದನ್ನು 187ರ ನಂತರ ಸೇರಿಸಿ, ಆದರೆ ನಾಲ್ಕನೇ ಮತ್ತು ಐದನೇ ಮೆಟ್ಟಿಲ ನಡುವೆ ಚೆಂಡು ಮೇಲೇರಿ ತಿರುಗುವ ಜಾಗದಿಂದ ಒಂದನ್ನು ತೆಗೆಯಿರಿ. ಅಲ್ಲಿ ಚೆಂಡು ಬಹಳ ನಿಧಾನ, ಅಕ್ಕಪಕ್ಕದ ಎರಡು ಮೂರು ಚಿತ್ರಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ಒಂದು ಹೋದರೆ ಯಾರಿಗೂ ತಿಳಿಯುವುದಿಲ್ಲ. ಆ ಹಾರಾಟದ ನಡುವೆ ನಿಮ್ಮ ಪಟ್ಟಿಯಲ್ಲಿ ಯಾವ ಸದ್ದೂ ಇಲ್ಲ. ಹಾಗಾಗಿ ಜಾಗ ಬದಲಾಗುವುದು ಸದ್ದಿಲ್ಲದ ಆ ಕೆಲವು ಚಿತ್ರಗಳದ್ದು ಮಾತ್ರ. ಐದನೇ ಮೆಟ್ಟಿಲು, ತಗಡಿನ ಟಣ್, ನೀರಿನ ಚಪ್ ಎಲ್ಲವೂ ಪಟ್ಟಿಯಲ್ಲಿ ಬರೆದ ಅಂಕಿಯಲ್ಲೇ ಉಳಿಯುತ್ತವೆ.